ಹಿಂದಿನ ಗೋಡೆಯ ಜಾಗ

ಸಯನ್, ಮುಂಬಯಿ
೧೪ ಆಗಸ್ಟ್ ೧೯೭೩

ಪ್ರೀತಿಯ ಅಕ್ಕ ಸುಂದ್ರವ್ವನಿಗೆ ತಮ್ಮ ಅಣವೀರಪ್ಪನ ಶರಣು.

ನಿನ್ನ ಕಾಗದ ಬಂದು ತಿಂಗಳಾಯಿತು. ಮಗಳನ್ನು ನನ್ನ ಹತ್ತಿರ ಓದಲು ಕಳಿಸಿದವಳಿಗೆ ಒಂದು ಸಾಲೂ ಬರೆಯದೆ ಕಾಯಿಸಿದ್ದು ತಪ್ಪು. ಮಲ್ಲವ್ವ ಚೆನ್ನಾಗಿದ್ದಾಳೆ, ಮಳೆಗೆ ಹಿಡಿದ ನೆಗಡಿಯೂ ಬಿಟ್ಟಿದೆ. ಅವಳು ಶಾಲೆಯಲ್ಲಿ ಉಳಿಯುತ್ತಾಳೋ ಇಲ್ಲವೋ ನನಗೇ ಗೊತ್ತಿರಲಿಲ್ಲ, ಏನೆಂದು ಬರೆಯಲಿ? ಈಗ ಗೊತ್ತಾಗಿದೆ. ಉಳಿಯುತ್ತಾಳೆ.

ಇಲ್ಲಿಯ ಕನ್ನಡ ಶಾಲೆಯಲ್ಲಿ ಮಗ್ಗಿ ಹೇಳುವಾಗ ಮಕ್ಕಳು ಕೈಕಟ್ಟಿ ಕೂಡಬೇಕು. ನಿನ್ನ ಮಗಳು ಕೂತಲ್ಲೇ ತೂಗಾಡುತ್ತಾಳೆ, ಏಳುತ್ತಾಳೆ, ಕಿಟಕಿಯವರೆಗೆ ಹೋಗಿ ಬರುತ್ತಾಳೆ. ಹಿಡಿದು ಕೂರಿಸಿದರೆ ಎರಡರ ಮಗ್ಗಿಯೂ ಮರೆತುಹೋಗುತ್ತದೆ. ನೀಲಕಂಠಪ್ಪ ಮಾಸ್ತರರು ಹೇಳಿ ಕಳಿಸಿದರು: "ಹುಡುಗಿ ಒಂದ ಕಡೆ ಕೂಡಂಗಿಲ್ಲ. ಊರಿಗೆ ಕಳಿಸಿಬಿಡ್ರಿ."

ನನ್ನ ಸ್ವಭಾವ ನಿನಗೆ ಗೊತ್ತು. ಯೂನಿಯನ್ ಆಫೀಸಿನಿಂದ ತಂದ ಪುಸ್ತಿಕೆಗಳನ್ನೆಲ್ಲ ಮತ್ತೆ ಓದಿದೆ. ಮಕ್ಕಳನ್ನು ಅಲುಗಾಡದಂತೆ ಕೂರಿಸುವುದೆಂದರೆ ನಾಳೆ ಮಾಲೀಕರ ಮುಂದೆ ತಲೆ ತಗ್ಗಿಸಲು ಕಲಿಸುವುದು ಎಂದು ನಾನೇ ಒಂದು ಕರಪತ್ರ ಬರೆದೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮಾಸ್ತರರ ಮೇಜಿನ ಮುಂದೆ ಕೂತು ಅದನ್ನು ಜೋರಾಗಿ ಓದತೊಡಗಿದೆ. ಮೇಜಿನ ಮೇಲಿದ್ದ ಮಸಿದೌತಿ ಟಣಟಣ ಅಂತಿತ್ತು.

"ಕ್ರಾಂತಿ ಆಮ್ಯಾಲ ಮಾಡೂಣು," ಅಂದರು ಮಾಸ್ತರರು. "ಮೊದಲ ನಿನ್ನ ಕಾಲು ನಿಲ್ಲಸಪಾ, ದೌತಿ ಬೀಳತದ."

ಕಾಲು ನಿಲ್ಲಿಸಿದೆ. ನಿಲ್ಲಿಸಿದೊಡನೆ ಓದುವ ಸಾಲೇ ತಪ್ಪಿತು. ತಲೆ ಎತ್ತಿದರೆ ಅವರು ಬಾಗಿಲಿಂದ ಕರಿಹಲಗೆಯವರೆಗೆ ಅಡ್ಡಾಡುತ್ತಿದ್ದಾರೆ.

"ನೀವರ ಕುಂತು ಕೇಳ್ರಲ್ಲ, ಸರ."

"ಕುಂತ್ರ ನನಗ ತಲಿ ಓಡಂಗಿಲ್ಲಪಾ," ಅಂದವರು ಗಕ್ಕನೆ ನಿಂತರು. ನನ್ನ ಕಾಲು ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ನಗತೊಡಗಿದರು. "ಮತ್ತ ಆ ಹುಡುಗಿ ಎಲ್ಲ್ಯರ ಛಲೋ ಮಗ್ಗಿ ಹೇಳತಾಳೇನು?"

"ಹೇಳತಾಳ್ರಿ, ಬಾಜೂ ಖೋಲಿ ಕೂಸಿನ ತೊಟ್ಟಿಲ ತೂಗೂಮುಂದ."

ಮರುದಿನ ಅವರೇ ನಮ್ಮ ಚಾಳಿಗೆ ಬಂದರು. ಪಕ್ಕದ ಖೋಲಿಯಲ್ಲಿ ರುಕ್ಮಿಣಿಬಾಯಿಯ ಕೂಸನ್ನು ತೂಗುತ್ತ ಮಲ್ಲವ್ವ ಹನ್ನೆರಡರ ಮಗ್ಗಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹೇಳಿದಳು. ಮಾಸ್ತರರು ಚಹಾದ ಬಸಿ ಹಿಡಿದು ಹೊರಗಿನ ಗ್ಯಾಲರಿಯಲ್ಲಿ ಅಡ್ಡಾಡುತ್ತಲೇ ಕೇಳಿದರು.

"ನಿಂತರ ಕುಡೀರಿ ಮಾಸ್ತರ್ರ, ಚೆಲ್ಲತೈತಿ," ಅಂದಳು ರುಕ್ಮಿಣಿಬಾಯಿ. "ನಿಮಗೂ ಒಂದು ತೊಟ್ಟಿಲ ಕಟ್ಟಬೇಕೇನು?"

ಸೋಮವಾರದಿಂದ ಮಲ್ಲವ್ವನ ಜಾಗ ಹಿಂದಿನ ಗೋಡೆಯ ಹತ್ತಿರ. ನಿಲ್ಲಬಹುದು, ತೂಗಾಡಬಹುದು, ಹಲಗೆ ಒರೆಸುವುದೂ ಅವಳದೇ. ಈಗ ಆ ಜಾಗಕ್ಕೆ ಬೇರೆ ಮಕ್ಕಳೂ ಪಾಳಿ ಹಚ್ಚಿದ್ದಾರೆ. ನನ್ನ ಕರಪತ್ರವನ್ನು ಯಾರೂ ಕೊನೆಯವರೆಗೆ ಕೇಳಲಿಲ್ಲ, ಅದಕ್ಕೆ ಬೇಸರವೂ ಇಲ್ಲ. ತಮ್ಮ ಮಾತನ್ನು ತಾವೇ ಹಿಂದೆ ತೆಗೆದುಕೊಂಡ ಆ ಮಾಸ್ತರರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಕಾರ್ಖಾನೆಯಲ್ಲೂ ಈಗ ಅದೇ ಕಾಣುತ್ತದೆ. ನನ್ನ ಜೊತೆ ಕೆಲಸ ಮಾಡುವ ಗುರಲಿಂಗಪ್ಪ ಕಾಕಾ ತಂಬಾಕನ್ನು ಬಾಯಿಗೆ ಹಾಕದೆ ಅಂಗೈಯಲ್ಲಿ ತಿಕ್ಕುತ್ತಲೇ ಇರುತ್ತಾನೆ. ಅವನ ಸಿಟ್ಟು ಇಳಿಯುವುದು ತಿಕ್ಕುವುದರಿಂದಲೇ. ದಿನವಿಡೀ ಸ್ಟೂಲಿನ ಮೇಲೆ ಕೂತು ಪ್ಯಾಕಿಂಗ್ ಮಾಡುವ ಹೆಂಗಸರಿಗೆ ನಡುವೆ ಎದ್ದು ಅಡ್ಡಾಡಲು ಬಿಡುವು ಕೊಡಬೇಕೆಂದು ಮುಂದಿನ ಸಭೆಯಲ್ಲಿ ಕೇಳುತ್ತೇನೆ. ಇದು ಯಾವ ಪುಸ್ತಿಕೆಯಲ್ಲೂ ಇರಲಿಲ್ಲ. ನಿನ್ನ ಮಗಳು ಕಲಿಸಿದ್ದು. ನನ್ನನ್ನು ನಂಬಿ ಅವಳನ್ನು ಕಳಿಸಿದೆಯಲ್ಲ, ಆ ಉಪಕಾರ ದೊಡ್ಡದು.

ಮಾವನವರಿಗೆ ಶರಣು. ನಿನ್ನ ಹರಕೆ ನಮ್ಮಿಬ್ಬರ ಮೇಲಿರಲಿ, ನಿನ್ನ ಮನಸ್ಸೂ ತಂಪಾಗಿರಲಿ.

ನಿನ್ನ ತಮ್ಮ
ಅಣವೀರಪ್ಪ

ತಾ.ಕ.: ಬರೆಯಬಾರದೆಂದಿದ್ದೆ. ಬಂದ ಹೊಸತರಲ್ಲಿ ಮಲ್ಲವ್ವನಿಗೆ "ಇಲ್ಲೇ ಕೂಡು" ಎಂದು ಹೇಳಿ ನಳಕ್ಕೆ ಹೋಗಿದ್ದೆ. ನೀರು ತಂದು ನೋಡಿದರೆ ಟವೆಲ್ಲಿನಿಂದ ತನ್ನ ಕಾಲನ್ನು ತಾನೇ ಟ್ರಂಕಿನ ಹಿಡಿಕೆಗೆ ಕಟ್ಟಿಕೊಂಡು ಕೂತಿದ್ದಳು. ಯಾಕವ್ವಾ ಅಂದರೆ, "ಕಟ್ಟಿಕೊಂಡ್ರ ಅವ್ವ ಅಳಂಗಿಲ್ಲ, ಮಾಮಾ," ಅಂದಳು. ನಿಂಗಣ್ಣ ಓಡಿಯಾಡುತ್ತ ಬಾವಿಗೆ ಬಿದ್ದ ಮೇಲೆ, ಹೊಲಕ್ಕೆ ಹೋಗುವಾಗ ನೀನು ಇವಳನ್ನು ಕಂಬಕ್ಕೆ ಕಟ್ಟುತ್ತಿದ್ದದ್ದು ಅವಳು ಹೇಳುವವರೆಗೆ ನನಗೆ ತಿಳಿದಿರಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಒಬ್ಬ ಮಗನನ್ನು ಕಳೆದುಕೊಂಡವಳು ಇನ್ನೇನು ಮಾಡಬೇಕಿತ್ತು? ಕೊನೆಗೆ ಬಿಚ್ಚಿ ರೈಲು ಹತ್ತಿಸಿದವಳೂ ನೀನೇ. ಟವೆಲ್ಲು ಈಗ ಗೂಟದ ಮೇಲಿದೆ. ಇವತ್ತು ಬೆಳಿಗ್ಗೆ ತಂಬಿಗೆ ಹಿಡಿದು ನನಗಿಂತ ಮುಂಚೆ ನಳಕ್ಕೆ ಓಡಿದಳು. ಇಲ್ಲಿ ಬಾವಿಯಿಲ್ಲ ಅಕ್ಕ, ಓಡಲಿ ಬಿಡು.