ಒಂದು ರೂಮಿನ ಅಡ್ವಾನ್ಸ್

ಫೆಬ್ರವರಿ 4, ಮಧ್ಯಾಹ್ನ

ಮಂಡಿಗೆ ಎಣ್ಣೆ ತಿಕ್ಕಿದ್ದಾಯಿತು. ನೋವು ಹಾಗೇ ಇದೆ. ಅದಕ್ಕಿಂತ ತಲೆ ಜಾಸ್ತಿ ಉರೀತಿದೆ.

ಬೆಳಿಗ್ಗೆ ಸರ್ಕಲ್ ಹತ್ತಿರದ ದೊಡ್ಡ ಹೋಟೆಲಿಗೆ ಹೋಗಿದ್ದೆ. ಮಾರ್ಚ್ ಎರಡಕ್ಕೆ ಒಂದು ರೂಮ್ ಬೇಕು ಅಂದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು. "ಇದೆ ಯಜಮಾನ್ರೇ. ಅರ್ಧ ಬಾಡಿಗೆ ಅಡ್ವಾನ್ಸ್ ಕಟ್ಟಬೇಕು."

"ಮಲಗೋಕೆ ಮುಂಚೇನೇ ದುಡ್ಡಾ? ಓಡಿಹೋಗೋ ಆಸಾಮಿ ಥರ ಕಾಣ್ತೀನಾ ನಾನು?"

"ರೂಲ್ಸು, ಯಜಮಾನ್ರೇ."

"ನೀನು ನಿಂತಿದೀಯಲ್ಲ, ಆ ನೆಲ ಹಾಸಿದವನು ನಾನು. ಮೂವತ್ತೊಂದು ವರ್ಷದ ಹಿಂದೆ. ನೀನಿನ್ನೂ ಹುಟ್ಟಿರಲಿಲ್ಲ."

ಬಗ್ಗಿ ತನ್ನ ಕಾಲ ಕೆಳಗೆ ನೋಡಿದಳು. "ಚೆನ್ನಾಗಿದೆ. ಆದ್ರೂ ಅರ್ಧ ಕಟ್ಟಬೇಕು."

ಬಂದುಬಿಟ್ಟೆ.

ಮಾರ್ಚ್ ಎರಡಕ್ಕೆ ನಮ್ಮ ಮದುವೆಯಾಗಿ ನಲವತ್ತು ವರ್ಷ ಆಗುತ್ತೆ. ಏನು ಬೇಕು ಅಂತ ಹೆಂಡತೀನ ಕೇಳಿದ್ದೆ. ಒಡವೆ, ಸೀರೆ ಏನೂ ಅನ್ನಲಿಲ್ಲ. "ಒಂದೇ ಒಂದು ದಿನ ಎದ್ದ ಮೇಲೆ ನಾನು ಹಾಸಿಗೆ ಎತ್ತಬಾರದು, ಕಸ ಗುಡಿಸಬಾರದು. ಬೇರೆ ಯಾರಾದ್ರೂ ಬಂದು ಮಾಡಬೇಕು" ಅಂದಳು. ನಲವತ್ತು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಫೆಬ್ರವರಿ 5

ವಿಷಯ ಹೇಳಿದೆ. ಸಿಟ್ಟಾಗ್ತಾಳೆ ಅಂದುಕೊಂಡಿದ್ದೆ. ನಕ್ಕಳು.

"ಅಡ್ವಾನ್ಸ್ ಇಲ್ಲದೆ ನೀವು ಒಬ್ಬರ ಮನೇಲಾದ್ರೂ ಚೀಲದಿಂದ ಕರಣೆ ಹೊರಗೆ ತೆಗ್ದಿದೀರಾ?"

"ಅದು ಬೇರೆ."

"ಹೇಗೆ ಬೇರೆ?"

ಪೇಪರ್ ಹಿಡಿದು ಕೂತೆ. ಹೇಗೆ ಬೇರೆ ಅಂತ ಸಂಜೆವರೆಗೂ ಯೋಚಿಸಿದೆ... ಬೇರೆ ಅಲ್ಲ.

ಮಗ ಫೋನ್ ಮಾಡಿದ. "ಅಪ್ಪಾ, ಇಲ್ಲಿಂದಲೇ ಕಟ್ಟಿಬಿಡ್ತೀನಿ. ಎರಡು ನಿಮಿಷದ ಕೆಲಸ."

"ನಿಮ್ಮಮ್ಮನ್ನ ಮದುವೆ ಆಗಿದ್ದು ನಾನು, ನೀನಲ್ಲ" ಅಂದು ಇಟ್ಟೆ.

ಫೆಬ್ರವರಿ 7

ಕೈಯಲ್ಲಿ ಅಷ್ಟು ದುಡ್ಡಿಲ್ಲ. ಔಷಧಿ ಅಂಗಡಿಯವನ ಮನೆಯ ಬಚ್ಚಲು ನೆಲ ಉಬ್ಬಿ ಎದ್ದಿದೆ ಅಂತ ಗೊತ್ತಿತ್ತು. ಹೋಗಿ ನಾನು ಮಾಡ್ತೀನಿ ಅಂದೆ.

"ನಿಮ್ಮ ವಯಸ್ಸೆಷ್ಟು?"

"ಎಪ್ಪತ್ತು. ಟೈಲ್ಸ್‌ಗೆ ಅದು ಗೊತ್ತಾಗಲ್ಲ. ಅಡ್ವಾನ್ಸ್ ಕೊಡಿ."

ಕೊಟ್ಟ. ನಮ್ಮ ಕಸುಬಿನ ಪದ್ಧತಿಯಂತೆ ನೆಲದ ಮಟ್ಟ ನೋಡೋ ರಸಮಟ್ಟ ಅವನ ಮನೇಲೇ ಬಿಟ್ಟು ಬಂದೆ. ಅಡ್ವಾನ್ಸ್ ತಗೊಂಡವನು ಒಂದು ಕೈಸಾಮಾನು ಬಿಟ್ಟು ಬರಬೇಕು. ಅದಿಲ್ಲದೆ ಅವನಿಗೆ ಬೇರೆ ಕಡೆ ಕೆಲಸ ಹಿಡಿಯೋಕಾಗಲ್ಲ. ವಾಪಸ್ ಬಂದೇ ಬರ್ತಾನೆ.

ಇವಳಿಗೆ ಹೇಳಿಲ್ಲ. ಇಸ್ಪೀಟಾಡೋಕೆ ಹೋಗ್ತೀನಿ ಅಂದಿದೀನಿ.

ಫೆಬ್ರವರಿ 8, ಸಂಜೆ 5

ಕಟ್ಟಿದೆ. ಅದೇ ಹುಡುಗಿ. "ಇಪ್ಪತ್ಮೂರನೇ ತಾರೀಖಿನ ಒಳಗೆ ಬೇಡ ಅಂದ್ರೆ ಪೂರ್ತಿ ವಾಪಸ್. ಆಮೇಲೆ ಬರಲ್ಲ" ಅಂದಳು. ರಸೀದಿ ಕೊಟ್ಟಳು.

"ಕಾಗದ ಯಾರು ಬೇಕಾದ್ರೂ ಕೊಡ್ತಾರೆ. ಕೈಸಾಮಾನು ಏನು ಬಿಡ್ತೀಯ?"

ಪದ್ಧತಿ ವಿವರಿಸಿ ಹೇಳಿದೆ. ಹಿಂದೆ ಸೂಟ್‌ಕೇಸ್ ಹಿಡಿದವನೊಬ್ಬ ಕಿಸಕ್ಕನೆ ನಕ್ಕ. ತಿರುಗಿ ನೋಡಿದೆ. ನಿಲ್ಲಿಸಿದ.

ಹುಡುಗಿ ನಗಲಿಲ್ಲ. ಆ ಕಡೆ ಈ ಕಡೆ ನೋಡಿದಳು. ಕೌಂಟರ್ ಮೇಲಿನ ಗಂಟೆ — ಜನ ಬಂದಾಗ ಟಿಂಗ್ ಅಂತ ಒತ್ತುತ್ತಾರಲ್ಲ, ಅದು — ಎತ್ತಿ ಕೈಗಿಟ್ಟಳು. "ಇದಿಲ್ಲದಿದ್ರೆ ನನ್ನ ಯಾರೂ ಕರೆಯೋಕಾಗಲ್ಲ. ಜೋಪಾನ."

ಕಸುಬು ಗೊತ್ತಿರೋ ಹುಡುಗಿ. ಮೊನ್ನೆ ಬೈದದ್ದು ತಪ್ಪಾಯ್ತು. ಹಾಗಂತ ಬಾಯಿಬಿಟ್ಟು ಹೇಳಲಿಲ್ಲ.

ಫೆಬ್ರವರಿ 9

ಗಂಟೆ ತಂದಿದ್ದು ದೊಡ್ಡ ತಪ್ಪು. ಬೆಳಿಗ್ಗೆಯಿಂದ ಅಡುಗೆಮನೆಯಿಂದ ಟಿಂಗ್. ಹೋದರೆ, "ಕಾಫಿ ಆಗಿದೆ." ಮತ್ತೆ ಟಿಂಗ್. "ಏನಿಲ್ಲ, ಬರ್ತೀರೋ ಇಲ್ಲವೋ ನೋಡಿದೆ."

ಫೆಬ್ರವರಿ 17

ಎಂಟು ದಿನ ಬರೆದಿಲ್ಲ. ಬಚ್ಚಲು ನೆಲ ಅರ್ಧ ಆಗಿದೆ. ಮಂಡಿ ತೆಂಗಿನಕಾಯಿ ಗಾತ್ರ.

ಒಂದು ಮೂಲೇಲಿ ಇಳಿಜಾರು ತಪ್ಪಿದೆ. ಕಣ್ಣು ಮೋಸ ಮಾಡಿತು. ನೀರು ಅಲ್ಲೇ ನಿಲ್ಲುತ್ತೆ. ಔಷಧಿಯವನು "ಬಿಡಿ, ಬಕೆಟ್ ಇಡ್ತೀವಿ ಅಲ್ಲಿ, ಯಾರು ನೋಡ್ತಾರೆ" ಅಂದ.

"ನಾನು ನೋಡ್ತೀನಿ."

ಮೂರು ಸಾಲು ಕಿತ್ತೆ. ಕಿತ್ತದ್ದು ಸುಲಭ. ಮತ್ತೆ ಏಳೋಕಾಗಲಿಲ್ಲ. ಗೋಡೆ ಹಿಡಿದು ಎದ್ದೆ.

ಫೆಬ್ರವರಿ 20

ಸಿಕ್ಕಿಬಿದ್ದೆ. ಪ್ಯಾಂಟ್ ಒಗೆಯೋಕೆ ತಗೊಂಡವಳು ಮುಂದೆ ಹಿಡಿದು ನಿಂತಳು.

"ಇಸ್ಪೀಟಾಟಕ್ಕೆ ಸಿಮೆಂಟ್ ಕಲಸ್ತಾರಾ ಈಗ?"

ಹೇಳಿದೆ ಎಲ್ಲಾ. ಆಮೇಲೆ ಅವಳು ಕೊಟ್ಟ ಬೈಗುಳ ಬರೆಯೋಕೆ ಈ ಪುಸ್ತಕ ಸಾಲದು. ಕೊನೆಗೆ ಕೂತು, ನನ್ನ ಮಂಡಿ ಮೇಲೆ ಕೈಯಿಟ್ಟು, ಮೆಲ್ಲಗೆ: "ಇನ್ನೂ ಮೂರು ದಿನ ಇದೆ. ರೂಮ್ ಬೇಡ ಅಂತ ಹೇಳಿಬಿಡಿ. ದುಡ್ಡು ವಾಪಸ್ ಬರುತ್ತೆ, ಔಷಧಿಯವನಿಗೆ ಕೊಟ್ಟುಬಿಡೋಣ. ಹಾಸಿಗೆ ತಾನೇ? ಎತ್ತುತ್ತೀನಿ ಬಿಡಿ. ಅಭ್ಯಾಸ."

ಆ 'ಅಭ್ಯಾಸ' ಅಂದದ್ದು... ಬೈದದ್ದಕ್ಕಿಂತ ಅದು ತಾಗಿತು.

ಫೆಬ್ರವರಿ 23, ರೂಲ್ಸಿನ ಕೊನೇ ದಿನ

ಹೋಟೆಲಿಗೆ ಹೋಗಲಿಲ್ಲ. ಔಷಧಿಯವನ ಬಚ್ಚಲಿಗೆ ಹೋದೆ. ಇನ್ನು ದುಡ್ಡೂ ವಾಪಸ್ ಇಲ್ಲ, ನಾನೂ ವಾಪಸ್ ಇಲ್ಲ.

ಇವಳ ಸಿಟ್ಟು ಇಳಿದಿಲ್ಲ. ಆದರೆ ಹಳೇ ದಿಂಬು ಕತ್ತರಿಸಿ ಮಂಡಿಗೆ ಕಟ್ಟೋ ಮೆತ್ತೆ ಹೊಲಿದು ಚಪ್ಪಲಿ ಪಕ್ಕ ಇಟ್ಟಿದ್ದಳು.

ಫೆಬ್ರವರಿ 27

ಮುಗೀತು!

ಬಕೆಟ್ ನೀರು ಸುರಿದೆ. ಔಷಧಿಯವನು, ಅವನ ಹೆಂಡತಿ, ಅವನ ತಾಯಿ, ಮೂವರೂ ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದರು. ನೀರು ಸುತ್ತಿ ಬಂದು, ಯಾರೂ ಹೇಳಿಕೊಡದೆ, ನೇರ ತೂತಿಗೆ ಹೋಯ್ತು. ಆ ಮೂಲೇಲಿ ಒಂದು ತೊಟ್ಟಿಲ್ಲ. ಅವನ ತಾಯಿ ಚಪ್ಪಾಳೆ ತಟ್ಟಿದರು. ಆ ವಯಸ್ಸಲ್ಲಿ!

ಬಾಕಿ ತಗೊಂಡೆ. ರಸಮಟ್ಟ ತಗೊಂಡೆ. ನನ್ನ ಕೈ ಇನ್ನೂ ನನ್ನ ಮಾತು ಕೇಳುತ್ತೆ.

ಮಾರ್ಚ್ 2, ರೂಮಲ್ಲಿ, ಸಂಜೆ

ಮುಂದಿನ ಬಾಗಿಲಿಂದ ಬಂದೆವು. ಅವತ್ತು ನೆಲದ ಕೆಲಸ ಮುಗಿದ ದಿನ ನಮ್ಮ ಕೆಲಸದವರನ್ನೆಲ್ಲ ಹಿಂದಿನ ಬಾಗಿಲಿಂದ ಕಳಿಸಿದ್ದರು. ಆಮೇಲೆ ಇಷ್ಟು ವರ್ಷ ನಾನು ಒಳಗೇ ಬಂದಿರಲಿಲ್ಲ, ಮೊನ್ನೆವರೆಗೆ.

ಗಂಟೆ ವಾಪಸ್ ಕೊಟ್ಟೆ. ಹುಡುಗಿ ಒರೆಸಿ ಜಾಗದಲ್ಲಿಟ್ಟಳು. "ಇವರು ಬರ್ತಾರೆ ಅಂತ ಗೊತ್ತಿತ್ತು" ಅಂತ ಇವಳಿಗೆ ಹೇಳಿದಳು. ಬಾಕಿ ಕಟ್ಟಿದೆ. ನೋಟು ಮಡಿಸದೆ, ನೆಟ್ಟಗೆ ಇಟ್ಟು.

ಇವಳು ಹಾಲ್ ಮಧ್ಯೆ ನಿಂತುಬಿಟ್ಟಳು. "ಇದೆಲ್ಲಾ ನೀವು ಹಾಕಿದ್ದಾ?"

"ಲಿಫ್ಟ್‌ವರೆಗೆ."

ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಅಷ್ಟು ಜನರ ಮುಂದೆ, ಬರಿಗಾಲಲ್ಲಿ, ಲಿಫ್ಟ್‌ವರೆಗೂ ನಡೆದಳು. ಒಂದು ಕಡೆಯೂ ಎಡವಲಿಲ್ಲ. ಎಡವೋ ಹಾಗೆ ಹಾಕಿಲ್ಲ ನಾನು.

ಮಾರ್ಚ್ 3, ಬೆಳಿಗ್ಗೆ 9

ಎಂಟೂವರೆಗೆ ಎದ್ದಳು. ಎಂಟೂವರೆ! ಎದ್ದವಳೇ ಬೆಡ್‌ಶೀಟಿಗೆ ಕೈ ಹಾಕಿದಳು.

"ಮುಟ್ಟಬೇಡ. ಅಡ್ವಾನ್ಸ್ ಕೊಟ್ಟಿದೀನಿ."

ಕೈ ಹಿಂದಕ್ಕೆ ಎಳೆದುಕೊಂಡು ಕಿಟಕಿ ಹತ್ತಿರದ ಕುರ್ಚೀಲಿ ಕೂತಳು. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಒದ್ದಾಡಿದಳು. ಆಮೇಲೆ ಬಾಗಿಲು ತಟ್ಟಿದರು. ರೂಮ್ ಕ್ಲೀನ್ ಮಾಡೋ ಹೆಂಗಸು, ಪೊರಕೆ, ಬಿಳಿ ಬಟ್ಟೆ ರಾಶಿ.

ಇವಳು ಎದ್ದು ಓಡ್ತಾಳೆ ಅಂದುಕೊಂಡೆ. ಇಲ್ಲ. ಕಾಲ ಮೇಲೆ ಕಾಲು ಹಾಕಿದಳು. "ಬನ್ನಮ್ಮಾ, ನಿಧಾನಕ್ಕೆ ಮಾಡಿ" ಅಂದಳು. ಆ ಗತ್ತು ನಲವತ್ತು ವರ್ಷ ಎಲ್ಲಿ ಬಚ್ಚಿಟ್ಟಿದ್ದಳೋ. ಈಗ ಶೀಟ್ ಒದರುತ್ತಿದಾರೆ. ಇವಳು ನೋಡ್ತಾ ಇದಾಳೆ, ಸಿನಿಮಾ ನೋಡಿದ ಹಾಗೆ. ಕಣ್ಣು ಒರೆಸಿಕೊಂಡಳೋ ಏನೋ... ಧೂಳಿರಬೇಕು. ನನ್ನ ಕಡೆ ತಿರುಗಿ, "ಬರೆದದ್ದು ಸಾಕು, ಕಾಲೆತ್ತಿ, ಅವರು ಗುಡಿಸಬೇಡವಾ?" ಅಂತ ಜೋರು ಮಾಡ್ತಿದಾಳೆ. ಎತ್ತಿದೆ. ಈ ಮಂಡಿ ಇಟ್ಟುಕೊಂಡು ಎರಡೂ ಕಾಲು ಗಾಳೀಲಿ ಹಿಡಿದು ಒಬ್ಬ ಮನುಷ್ಯ ಎಷ್ಟು ಹೊತ್ತು ಬರೀತಾ ಕೂರೋಕಾಗುತ್ತೆ? ಮುಚ್ತೀನಿ ಪುಸ್ತಕ.