ಪಪ್ಪನ ಸ್ಕ್ರೂಡ್ರೈವರ್

ಪಪ್ಪಾ,

ಇವತ್ತು ನಿಮ್ಮ ಉದ್ದದ ಸ್ಕ್ರೂಡ್ರೈವರನ್ನು ರೋಬೋಟಿಗೆ ಹಿಡಿದೆ. ನಗಬೇಡಿ. ನೀವು ತೀರಿಹೋದ ಮೇಲೆ ನಿಮ್ಮ ಟೂಲ್‌ಬಾಕ್ಸಿನಿಂದ ನಾನು ಇಟ್ಟುಕೊಂಡದ್ದು ಅದೊಂದನ್ನೇ.

ಇಬ್ರಾ ಊರಿನಲ್ಲಿ ಖರ್ಜೂರ ಪ್ಯಾಕ್ ಮಾಡುವ ಕಂಪೆನಿಗೆ ನಾನು ಕೂರಿಸಿಕೊಟ್ಟ ರೋಬೋಟ್ ಕೈ ಮೂರು ದಿನದಿಂದ ನಡುನಡುವೆ ನಿಲ್ಲುತ್ತಿತ್ತು. ಲ್ಯಾಪ್‌ಟಾಪ್ ನೋಡಿದರೆ ಎಲ್ಲ ಸರಿ ಇದೆ ಅನ್ನುತ್ತದೆ. ಕೊನೆಗೆ, ಘಾಲಾದ ಗ್ಯಾರೇಜಿನಲ್ಲಿ ನೀವು ಇಂಜಿನ್‌ಗೆ ಮಾಡುತ್ತಿದ್ದ ಹಾಗೆ, ಸ್ಕ್ರೂಡ್ರೈವರಿನ ತುದಿಯನ್ನು ರೋಬೋಟ್ ಕೈಯ ಒಂದೊಂದೇ ಕೀಲಿಗೆ ಒತ್ತಿ, ಹಿಡಿಗೆ ಕಿವಿ ಇಟ್ಟು ಕೇಳಿದೆ. ಮೂರನೆಯದರಲ್ಲಿ ಬೇರಿಂಗ್ ಕರಕರ ಅಂದಿತು. ಬದಲಿಸಿದೆ, ಖಲಾಸ್.

"ಇದನ್ನು ಯಾವ ಕಾಲೇಜಿನಲ್ಲಿ ಕಲಿಸ್ತಾರೆ?" ಅಂತ ಸೂಪರ್‌ವೈಸರ್ ಸಾಲಿಮ್ ಕೇಳಿದ.

"ನಮ್ಮ ಮನೆಯಲ್ಲಿ" ಅಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ ನೋಡಿ.

ಹತ್ತನೇ ಕ್ಲಾಸಿನ ಎಕ್ಸಿಬಿಷನ್ ನೆನಪಿದೆಯಾ? ನೀವು ಗ್ಯಾರೇಜಿನಿಂದ ನೇರ ಬಂದಿದ್ದಿರಿ, ಕೈಯ ಗ್ರೀಸ್ ಕೂಡ ಹೋಗಿರಲಿಲ್ಲ. ನನ್ನ ಪುಟ್ಟ ರೋಬೋಟ್ ನಡುವೆ ಒಮ್ಮೆ ನಿಂತಾಗ ಇದೇ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದಿರಿ. ಗೆಳತಿಯರೆಲ್ಲ ನೋಡುತ್ತಿದ್ದರು. "ಪ್ಲೀಸ್ ಪಪ್ಪಾ, ಡೋಂಟ್ ಟಚ್" ಅಂದೆ.

ಆಮೇಲೆ ನೀವು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಿದ್ದಿರಿ. ನನ್ನ ಹೆಸರು ಬಹುಮಾನಕ್ಕೆ ಕರೆದಾಗ ಮಾತ್ರ ಮುಂದೆ ತಂದು ಚಪ್ಪಾಳೆ ಹೊಡೆದಿರಿ, ಎಲ್ಲರಿಗಿಂತ ಜೋರಾಗಿ.

ನಿಮ್ಮ,
ರೆನಿಟಾ