ಶೇವಿಂಗಿಗೆ ಕೂತವರ ವೋಟು

ಗುಬ್ಬಿ,

ಎದ್ದ ತಕ್ಷಣ ಹಾಲು ಕಾಯಿಸು, ಬೆಕ್ಕು ಆಗಲೇ ಎರಡು ಸುತ್ತು ಹಾಕಿ ಹೋಗಿದೆ. "ಅಪ್ಪಾ, ಕಾಲೇಜಿಗೆ ಹೋಗೋದು ನಾನೋ, ನಿನ್ನ ಗಿರಾಕಿಗಳೋ?" ಅಂತ ಮೊನ್ನೆ ಬಾಗಿಲು ಬಡಿದೆಯಲ್ಲ, ಅದರ ಚಿಲಕ ಸಡಿಲವಾಗಿದೆ. ಮೆಲ್ಲಗೆ ಹಾಕು.

ವಾರವಿಡೀ ಅಂಗಡಿಯಲ್ಲಿ ಶೇವಿಂಗಿಗೆ ಕೂತವರನ್ನೆಲ್ಲ ಕೇಳಿದ್ದು ನಿಜ. "ರಾಜ್ಯ ವಿಶ್ವವಿದ್ಯಾಲಯದವರು ಮಗಳ ಅಂಕ ನೋಡಿ ಪೂರ್ತಿ ಸ್ಕಾಲರ್‌ಶಿಪ್ ಕೊಡ್ತಾರಂತೆ. ಆದ್ರೂ ಆ ಹೆಸರುವಾಸಿ ಕಾಲೇಜೇ ಮೇಲಲ್ವಾ? ಒಳ್ಳೇ ಕೆಲಸ ಸಿಗೋದು ಅಲ್ಲಿಂದಲೇ ಅಲ್ವಾ?" ಎಂದೆ. ಮೂವತ್ತೊಂದು ಜನರೂ "ಹೌದೌದು" ಎಂದರು. ನಾನು ಬೀಗಿದ್ದೇ ಬೀಗಿದ್ದು.

ನಿನ್ನೆ ಶೇವಿಂಗಿಗೆ ಬಂದ, ಕಾರ್ಖಾನೆ ಕೆಲಸಕ್ಕೆ ಹುಡುಗ ಹುಡುಗಿಯರನ್ನು ಆರಿಸುವ ಮ್ಯಾನೇಜರೂ ಹಾಗೇ ಅಂದರು. ಆಮೇಲೆ ಮುಖ ಒರೆಸಿಕೊಂಡು ಬಾಗಿಲ ತನಕ ಹೋಗಿ, ತಿರುಗಿ ನಿಂತು, "ನಾನು ಓದಿದ್ದು ಆ ರಾಜ್ಯ ವಿಶ್ವವಿದ್ಯಾಲಯದಲ್ಲೇ. ಅಲ್ಲಿಂದ ಬಂದೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ" ಎಂದರು.

"ಮತ್ತೆ ಕೇಳಿದಾಗಲೇ ಯಾಕೆ ಹೇಳ್ಲಿಲ್ಲ ಸಾರ್?"

"ಆಗ ನಿಮ್ಮ ಕತ್ತಿ ನನ್ನ ಗಂಟಲ ಮೇಲಿತ್ತಲ್ರೀ!"

ಅಲ್ಲಿಗೆ ನನ್ನ ಮೂವತ್ತೊಂದು ವೋಟೂ ಠುಸ್ಸಾದವು. ನಿನ್ನೆಯೇ ನಿನಗೆ ಹೇಳಬೇಕಿತ್ತು, ಮರ್ಯಾದೆ ಅಡ್ಡ ಬಂತು.

ಒಪ್ಪಿಗೆ ಪತ್ರ ಕಳಿಸಲು ಇವತ್ತೇ ಕೊನೆ ದಿನ. ಎರಡೂ ಕಾಲೇಜಿನ ಪತ್ರ ಸಕ್ಕರೆ ಡಬ್ಬಿಯ ಕೆಳಗಿವೆ, ಎರಡಕ್ಕೂ ಸಹಿ ಹಾಕಿದ್ದೇನೆ. ನಿನಗೆ ಬೇಕಾದದ್ದನ್ನು ಕಳಿಸಿ ಇನ್ನೊಂದನ್ನು ಹರಿದುಹಾಕು. ಹೆಸರುವಾಸಿ ಕಾಲೇಜೇ ಆದರೆ ಫೀಸಿನ ಚಿಂತೆ ನನಗಿರಲಿ.

ಯಾವುದು ಕಳಿಸಿದೆ ಅಂತ ಅಂಗಡಿಗೇ ಬಂದು ಹೇಳು. ಕತ್ತಿ ಕೆಳಗಿಟ್ಟು ಕೇಳುತ್ತೇನೆ.

ಅಪ್ಪ